ಹಾಸಿಗೆಯೂ ವಿಶ್ರಾಂತಿಯೂ



ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ ಮನೆಯವರೆಲ್ಲರಿಗೂ ಅರ್ಥವಾಗುವ ಮಾತು ಸಾಮಾನ್ಯವಾಗಿ ಒಂದೇ: ‘ಬೆಡ್ ರೆಸ್ಟ್’. ಔಷಧಗಳ ಹೆಸರು ಅಂಗಡಿಯವನಿಗೆ ತಿಳಿದರೆ ಸಾಕು. ಇದು ಮಾತ್ರ ನಮಗೇ ತಿಳಿಯಿತೆಂದು ನಾವು ಸಮಾಧಾನಪಡುತ್ತೇವೆ. ಆದರೆ ಸುಲಭವಾಗಿ ತಿಳಿಯಿತೆನ್ನಿಸುವ ಮಾತೇ ಅನೇಕ ವೇಳೆ ಅರೆಯಾಗಿ ತಿಳಿದಿರುವುದುಂಟು. ಇಲ್ಲಿ ಹಾಸಿಗೆಯೆಂಬುದು ಕಣ್ಣಿಗೆ ಕಾಣುವ ವಸ್ತು. ವಿಶ್ರಾಂತಿಯೆಂಬುದು ಕಾಣದ ಸ್ಥಿತಿ. ಕಾಣುವುದನ್ನು ಹಿಡಿದುಕೊಂಡು ಕಾಣದುದನ್ನು ಮರೆಯುವುದು ಮನುಷ್ಯ ಸ್ವಭಾವ. ಆದುದರಿಂದ ವಿಶ್ರಾಂತಿಯನ್ನು ಕುರಿತು ನಮ್ಮ ಭಾಷೆಯಲ್ಲಿ ಬಳಕೆಯಲ್ಲಿರುವ ಕೆಲವು ಶಬ್ದಗಳನ್ನು ಮೊದಲು ವಿಚಾರಿಸೋಣ.

‘ವಿಶ್ರಾಂತಿ’ ಸಂಸ್ಕೃತ ಶಬ್ದ. ‘ಶ್ರಮ’ಕ್ಕೆ ಯಾವುದು ಧಾತುವೋ ಇದಕ್ಕೂ ಅದೇ ಧಾತು. ಶ್ರಾಂತಿ ಎಂದರೆ ದಣಿವು. ಅದು ನೀಗುವುದೇ ವಿಶ್ರಾಂತಿ. ಈ ಅರ್ಥದಲ್ಲಿ ಮಲಗುವ ಪ್ರಸ್ತಾಪವೇ ಇಲ್ಲವೆಂಬುದನ್ನು ಗಮನಿಸಬೇಕು. ನಿವೃತ್ತರಾದ ಅಧಿಕಾರಿಗಳಿಗೆ ಸಲ್ಲುವ ಹಣವನ್ನು ‘ವಿಶ್ರಾಂತಿವೇತನ’ ಎನ್ನುತ್ತೇವೆ. ಅದನ್ನು ಪಡೆಯುವವರು ದಿನವೆಲ್ಲ ಮಲಗಿರಬೇಕೆಂದು ಯಾರೂ ಹೇಳುವುದಿಲ್ಲ. ‘ವಿರಾಮ’ವೆಂದರೆ ನಿಲುಗಡೆ. ವ್ಯಾಕರಣದಲ್ಲಿ ಅಲ್ಪವಿರಾಮವೆಂದೂ ಪೂರ್ಣವಿರಾಮವೆಂದೂ ಎರಡುಂಟು. ಮೊದಲನೆಯದರ ಮುಂದೆ ವಾಕ್ಯ ಸಾಗುತ್ತದೆ, ಎರಡನೆಯದರಲ್ಲಿ ಮುಗಿಯುತ್ತದೆ. ‘ಬಿಡುವು’ ಅಚ್ಚಗನ್ನಡದ ಮಾತು: ಕೆಲಸ ನಮ್ಮನ್ನು ಬಿಟ್ಟಿರುವ ಹೊತ್ತು.

ಮನೆಮಾತಿನಲ್ಲಿ ಇನ್ನೂ ಸೂಕ್ಷ್ಮವಾದ ಶಬ್ದಗಳಿವೆ. ಬಿಸಿಲಿನಲ್ಲಿ ನಡೆದು ಬಂದವರನ್ನು ‘ದಣಿವಾರಿಸಿಕೊಳ್ಳಿ’ ಎಂದು ಉಪಚರಿಸುತ್ತೇವೆ. ಕಾದ ಹಾಲು ಆರುವಂತೆ, ಒದ್ದೆಯ ಬಟ್ಟೆ ಆರುವಂತೆ, ದಣಿವೂ ಆರತಕ್ಕದ್ದು. ಅದಕ್ಕೆ ಬೇಕಾದುದು ನೆರಳು, ನೀರು, ಸ್ವಲ್ಪ ಹೊತ್ತು. ‘ಸುಧಾರಿಸಿಕೊಳ್ಳಿ’ ಎಂಬ ಮಾತು ಇನ್ನೂ ಸೊಗಸು. ಸುಧಾರಣೆಯೆಂದರೆ ಉತ್ತಮಗೊಳ್ಳುವುದು, ವಿಶ್ರಾಂತಿಯಿಂದ ಮನುಷ್ಯ ಮೊದಲಿಗಿಂತ ಮೇಲಾಗಬೇಕೆಂಬ ನಿರೀಕ್ಷೆ ಆ ಮಾತಿನಲ್ಲಿಯೇ ಅಡಗಿದೆ. ಊಟವಾದ ಮೇಲೆ ಹಿರಿಯರು ‘ಸ್ವಲ್ಪ ಅಡ್ಡಾಗುತ್ತೇನೆ’ ಎನ್ನುತ್ತಾರೆ. ಮತ್ತೆ ಏಳುವ ಸಂಕಲ್ಪವಿದ್ದೇ ಅಡ್ಡಾಗುವುದು. ಆದರೆ ‘ಹಾಸಿಗೆ ಹಿಡಿದರು’ ಎಂದು ಕೇಳಿದೊಡನೆ ನಮ್ಮ ಮುಖ ಕಳೆಗುಂದುತ್ತದೆ. ಅಲ್ಲಿರುವುದು ವಿಶ್ರಾಂತಿಯಲ್ಲ, ಕ್ಷೀಣತೆ. ಮಲಗುವ ಎರಡು ಬಗೆಗಳನ್ನು ನಮ್ಮ ಜನ ಎರಡು ಮಾತುಗಳಿಂದ ಬೇರೆಮಾಡಿಟ್ಟಿದ್ದಾರೆ.

ವೈದ್ಯಶಾಸ್ತ್ರವು ಈ ಭೇದವನ್ನು ಕಂಡುಕೊಳ್ಳಲು ಬಹುಕಾಲ ಹಿಡಿಯಿತು. ಲಂಡನ್ನಿನ ಗೈಸ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಹಿಲ್ಟನ್ ಎಂಬಾತನು ವಿಶ್ರಾಂತಿಯನ್ನೂ ನೋವನ್ನೂ ಕುರಿತು ಕೊಟ್ಟ ಉಪನ್ಯಾಸಗಳು 1863ರಲ್ಲಿ ಗ್ರಂಥರೂಪವಾಗಿ ಹೊರಬಂದವು. ಪೆಟ್ಟು ತಗುಲಿದ ಅಂಗಕ್ಕೆ ನೋವೇ ‘ಅಲುಗಾಡಬೇಡ’ ಎಂಬ ಎಚ್ಚರಿಕೆಯೆಂದೂ, ಅಂಗಕ್ಕೆ ವಿಶ್ರಾಂತಿಯನ್ನೊದಗಿಸಿದರೆ ಪ್ರಕೃತಿಯೇ ವಾಸಿಮಾಡುವುದೆಂದೂ ಆತನು ತೋರಿಸಿದನು. ತತ್ತ್ವ ಸರಿಯಾದುದೇ. ಮುರಿದ ಕೈಗೆ ಕಟ್ಟು ಹಾಕುವುದು ಈ ತತ್ತ್ವದಿಂದಲೇ. ಆದರೆ ಕೈಗೆ ಕಟ್ಟು ಬಿದ್ದವನು ಕಾಲಿನಿಂದ ನಡೆದಾಡಬಹುದಷ್ಟೆ. ಅಂಗಕ್ಕೆ ಹೇಳಿದ ವಿಶ್ರಾಂತಿಯನ್ನು ಇಡೀ ಮನುಷ್ಯನಿಗೆ ವಿಧಿಸಿದಲ್ಲಿ ತೊಡಕು ಹುಟ್ಟುತ್ತದೆ.

ಮಲಗಿದ ಶರೀರವು ಸುಮ್ಮನಿರುವುದಿಲ್ಲ. ಬಳಸದ ಸ್ನಾಯುಗಳು ಕರಗುತ್ತವೆ; ಮೂಳೆಗಳಿಂದ ಸುಣ್ಣದ ಅಂಶ ಸೋರಿಹೋಗುತ್ತದೆ; ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು; ಬೆನ್ನಿನಲ್ಲಿ ಹುಣ್ಣಾಗಬಹುದು; ಎದ್ದು ನಿಂತರೆ ತಲೆ ಸುತ್ತುತ್ತದೆ. ‘ಹಾಸಿಗೆ ಸೇರುವುದರ ಅಪಾಯಗಳು’ ಎಂಬ ಅರ್ಥದ ಶಿರೋನಾಮೆಯಿಂದ ರಿಚರ್ಡ್ ಆಷರ್ ಎಂಬ ವೈದ್ಯನು 1947ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಒಂದು ಲೇಖನವನ್ನು ಬರೆದು ಈ ಕೇಡುಗಳನ್ನು ಒಂದೊಂದಾಗಿ ಎಣಿಸಿದನು. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಸುಮಾರು 20 ವರ್ಷ ವಯಸ್ಸಿನ ಐವರು ಆರೋಗ್ಯವಂತ ತರುಣರನ್ನು 3 ವಾರಗಳ ಕಾಲ ಮಲಗಿಸಿ ಪರೀಕ್ಷಿಸಿದರು. ಕಠಿನವಾಗಿ ದುಡಿಯುವಾಗ ಶರೀರವು ಆಮ್ಲಜನಕವನ್ನು ಬಳಸಿಕೊಳ್ಳುವ ಶಕ್ತಿ ಅವರಲ್ಲಿ ಕಾಲುಭಾಗಕ್ಕೂ ಮಿಗಿಲಾಗಿ ಕುಗ್ಗಿತ್ತು. ತರುಣರ ಪಾಡು ಹೀಗಾದರೆ ಎಪ್ಪತ್ತು ದಾಟಿದವರ ಪಾಡನ್ನು ಊಹಿಸಿಕೊಳ್ಳಬಹುದು.

ನಮಗೆ ಹತ್ತಿರದ ನಿದರ್ಶನವೊಂದುಂಟು. ಕ್ಷಯರೋಗಕ್ಕೆ ತಕ್ಕ ಔಷಧವಿಲ್ಲದಿದ್ದ ಕಾಲದಲ್ಲಿ ಒಳ್ಳೆಯ ಗಾಳಿ, ಪುಷ್ಟಿಯಾದ ಆಹಾರ, ತಿಂಗಳುಗಟ್ಟಲೆ ಶಯ್ಯೆ, ಇವೇ ಚಿಕಿತ್ಸೆಯೆನಿಸಿದ್ದವು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆರೋಗ್ಯಧಾಮವು ಏರ್ಪಟ್ಟುದು ಆ ಕಾಲದಲ್ಲಿಯೇ. ಔಷಧಗಳು ದೊರೆತ ಮೇಲೆ, ಮದರಾಸಿನಲ್ಲಿ 1956ರಲ್ಲಿ ಒಂದು ದೊಡ್ಡ ಪರೀಕ್ಷೆ ಮೊದಲಾಯಿತು. ಕೆಲವು ರೋಗಿಗಳಿಗೆ ಆರೋಗ್ಯಧಾಮದಲ್ಲಿಯೂ ಕೆಲವರಿಗೆ ಅವರವರ ಬಡಮನೆಗಳಲ್ಲಿಯೂ ಅದೇ ಔಷಧವನ್ನು ಕೊಟ್ಟರು. 1959ರಲ್ಲಿ ಫಲಿತಾಂಶ ಪ್ರಕಟವಾದಾಗ, ಕಡಮೆ ಆಹಾರ, ಕಡಮೆ ವಿಶ್ರಾಂತಿಯಿದ್ದ ಮನೆಯ ರೋಗಿಗಳೂ ಹೆಚ್ಚುಕಡಮೆ ಅಷ್ಟೇ ಚೆನ್ನಾಗಿ ಗುಣಹೊಂದಿದ್ದರು. ವಾಸಿಮಾಡಿದ್ದು ಔಷಧ, ಮಂಚವಲ್ಲ.

ಇದರಿಂದ ವೈದ್ಯರ ಮಾತನ್ನು ಮೀರಬೇಕೆಂದು ನಾನು ಹೇಳುತ್ತಿಲ್ಲ. ತೀವ್ರವಾದ ಜ್ವರದಲ್ಲಿ, ದೊಡ್ಡ ಗಾಯದಲ್ಲಿ ಮಲಗಲೇಬೇಕು. ಆದರೆ ವೈದ್ಯರ ಎದುರಿಗಿರುವಾಗಲೇ ಕೇಳಿ ತಿಳಿಯಬೇಕಾದ ಪ್ರಶ್ನೆಗಳು ಮೂರುಂಟು: ವಿಶ್ರಾಂತಿ ಯಾವ ಅಂಗಕ್ಕೆ? ಎಷ್ಟು ದಿನ? ಏಳುವುದು, ಕೂರುವುದು, ನಡೆಯುವುದು ಎಂದಿನಿಂದ? ಇವನ್ನು ಕೇಳದೆ ಬಂದ ಮನೆಯಲ್ಲಿ ಪ್ರೀತಿಯೇ ಅಪಾಯಕ್ಕೆ ಕಾರಣವಾಗುವುದುಂಟು. ಮುದುಕಿಯಾದ ತಾಯಿ ಏಳಲು ಹೋದರೆ ಮಗ ‘ಬೇಡಮ್ಮ, ಮಲಗಿಕೊ’ ಎನ್ನುತ್ತಾನೆ; ಸೊಸೆ ನೀರಿನ ಲೋಟವನ್ನು ಮಂಚದ ಬಳಿಗೇ ತರುತ್ತಾಳೆ. ಇಬ್ಬರ ಮನಸ್ಸೂ ಒಳ್ಳೆಯದು. ಒಂದು ತಿಂಗಳಾದ ಮೇಲೆ ಆಕೆ ಎದ್ದು ನಿಲ್ಲಲಾರಳು. ರೋಗ ಹೋಗಿರುತ್ತದೆ, ಕಾಲು ಸೋತಿರುತ್ತದೆ. ಅಲ್ಪವಿರಾಮವಿಡಬೇಕಾದ ಕಡೆ ನಾವೇ ಪೂರ್ಣವಿರಾಮವಿಟ್ಟಂತಾಯಿತು.

ಆದುದರಿಂದ, ವೈದ್ಯರ ಅಪ್ಪಣೆಯಾದ ದಿನದಿಂದ ರೋಗಿಗೆ ಕೈಯಾಸರೆ ಕೊಟ್ಟು ಎಬ್ಬಿಸಿರಿ. ಮೊದಲ ದಿನ ಹಾಸಿಗೆಯ ಅಂಚಿನಲ್ಲಿ ಕುಳಿತರೂ ಸರಿ. ಮರುದಿನ ಬಾಗಿಲವರೆಗೆ, ಮುಂದೆ ಹಿತ್ತಿಲವರೆಗೆ. ದಣಿವಾದರೆ ಆರಿಸಿಕೊಳ್ಳಲಿ, ಮತ್ತೆ ಏಳಲಿ. ‘ಸುಧಾರಿಸಿಕೊಳ್ಳಿ’ ಎಂಬ ನಮ್ಮ ಮಾತಿಗೆ ಆಗ ಪೂರ್ಣವಾದ ಅರ್ಥ ಬರುತ್ತದೆ.