ಗಾಲಿಗೆ ಎಷ್ಟು ಗಾಳಿ?

ನಮ್ಮ ಗಡಿಯ ಒಂದು ಮಾತಿನ ತಮಾಷೆ ನಿಮಗೆಲ್ಲ ಗೊತ್ತೇ ಇದೆ. ಕನ್ನಡದಲ್ಲಿ ಗಾಲಿ ಎಂದರೆ ಬಂಡಿಯ ಚಕ್ರ. ತೆಲುಗಿನಲ್ಲಿ ಗಾಲಿ ಎಂದರೆ ಗಾಳಿ. ಆದೋನಿಯ ಪಂಕ್ಚರ್ ಅಂಗಡಿಯ ಮುಂದೆ ಯಾರಾದರೂ ‘ಗಾಲಿ ಕೊಟ್ಟು’ ಎಂದು ಕೂಗಿದರೆ ನಿಮಗೂ ನನಗೂ ತಕ್ಷಣ ಅರ್ಥವಾಗುತ್ತದೆ. ಧಾರವಾಡದ ಕಡೆಯಿಂದ ಬಂದ ನೆಂಟನಿಗೆ ಮಾತ್ರ ಗಾಲಿಯನ್ನು ಬಿಚ್ಚಿ ಯಾರಿಗೆ ಕೊಡಬೇಕಪ್ಪಾ ಎಂಬ ಚಿಂತೆ. ಈ ಹೊತ್ತು ನಾನು ನಿಮ್ಮ ಮುಂದೆ ಇಡಬೇಕೆಂದಿರುವುದು ಈ ಎರಡೂ ಗಾಲಿಗಳ ಸಂಗತಿ. ಅದನ್ನು ನನಗೆ ಕಲಿಸಿದ್ದು ಮಾತ್ರ ರಸ್ತೆಯೂ ಅಲ್ಲ, ಗ್ಯಾರೇಜೂ ಅಲ್ಲ. ಕಂಪ್ಯೂಟರಿನ ಒಂದು ಆಟ.

ನನ್ನ ಅಣ್ಣನ ಮಗ ಇಂಜಿನಿಯರಿಂಗ್ ಓದುತ್ತಿದ್ದ. 2020ರಲ್ಲಿ ಲಾಕ್‌ಡೌನ್ ಬಂದು ಕಾಲೇಜು ಮುಚ್ಚಿದಾಗ ಮನೆಯಿಂದಲೇ ಪಾಠ ಕೇಳಲಿ ಎಂದು ಅಣ್ಣ ಹತ್ತಿ ಮಾರಿದ ಹಣದಲ್ಲಿ ಅವನಿಗೆ ಕಂಪ್ಯೂಟರ್ ಕೊಡಿಸಿದ. ಪಾಠ ಮುಗಿದ ಮೇಲೂ ಕಂಪ್ಯೂಟರ್ ಮುಗಿಯಲಿಲ್ಲ. ಕೆಲವು ತಿಂಗಳಿಗೆ ಒಂದು ಸ್ಟಿಯರಿಂಗ್ ಬಂತು, ಕಾಲಡಿಗೆ ಪೆಡಲುಗಳು ಬಂದವು. ಅಣ್ಣ ಲೆಕ್ಕ ಬರೆಯುವ ಮೇಜಿಗೇ ಅದನ್ನು ಬಿಗಿದು ಹುಡುಗ ರಾತ್ರಿಯೆಲ್ಲ ಕಾರು ಓಡಿಸತೊಡಗಿದ. ಅಣ್ಣ ಬಲಗಾಲನ್ನು ತುಸು ಎಳೆದು ನಡೆಯುವ ಮನುಷ್ಯ, ಮಾತು ಕಡಿಮೆ. ಒಂದು ದಿನ ನನ್ನ ಮನೆಗೆ ಬಂದು, “ನೀನು ಮೇಷ್ಟ್ರು, ನೀನೇ ಅವನಿಗೆ ಬುದ್ಧಿ ಹೇಳು. ಇಲ್ಲಂದ್ರ ಆ ಪೆಟ್ಟಿಗಿ ಮಾರಿಬಿಡ್ತೀನಿ” ಎಂದ.

ಬುದ್ಧಿ ಹೇಳಲೆಂದೇ ನಾನು ಹೋದೆ. ಆದರೆ ಹುಡುಗ ಆಗ ಕಾರು ಓಡಿಸುತ್ತಿರಲಿಲ್ಲ. ಇನ್ನೂರು ಪುಟದ ನೋಟುಪುಸ್ತಕದಲ್ಲಿ ಏನೋ ಅಂಕಿಗಳನ್ನು ಬರೆಯುತ್ತಿದ್ದ. ಇದೇನೆಂದು ಕೇಳಿದೆ. “ಸೆಟಪ್, ಚಿಕ್ಕಪ್ಪಾ” ಎಂದ.

ಸೆಟಪ್ ಎಂದರೆ, ನಮ್ಮ ಮಾತಿನಲ್ಲಿ ಹೇಳುವುದಾದರೆ, ಗಾಡಿಯ ಹದ. ಮಣ್ಣಿಗೆ ಹದ ಇರುವಂತೆ, ರೊಟ್ಟಿಯ ಹಿಟ್ಟಿಗೆ ಹದ ಇರುವಂತೆ ಪಂದ್ಯದ ಕಾರಿಗೂ ಒಂದು ಹದವಿದೆ. ಸ್ಪ್ರಿಂಗು ಎಷ್ಟು ಬಿಗಿ ಇರಬೇಕು, ಗಾಲಿ ಎಷ್ಟು ಒಳವಾಲಬೇಕು, ಹಿಂದಿನ ರೆಕ್ಕೆ ಎಷ್ಟು ನಿಲ್ಲಬೇಕು, ಟೈರಿನಲ್ಲಿ ಗಾಳಿ ಎಷ್ಟಿರಬೇಕು ಎಂಬುದನ್ನೆಲ್ಲ ಪಂದ್ಯದ ಊರಿಗೆ, ಆ ದಿನದ ಬಿಸಿಲಿಗೆ, ಓಡಿಸುವವನ ಕೈಗೆ ತಕ್ಕಂತೆ ಗೊತ್ತುಮಾಡಿಕೊಳ್ಳಬೇಕು. ಕಂಪ್ಯೂಟರ್ ಆಟಗಳಲ್ಲಿ ಇದು ನಿನ್ನೆ ಮೊನ್ನೆಯದಲ್ಲ. 1990ರ ದಶಕದ ಆರಂಭದಲ್ಲೇ ಜೆಫ್ ಕ್ರಾಮಂಡ್ ಎಂಬ ಇಂಗ್ಲೆಂಡಿನವರು ಮಾಡಿದ ಗ್ರ್ಯಾನ್ ಪ್ರೀ ಆಟದಲ್ಲಿ ರೆಕ್ಕೆಯನ್ನೂ ಗೇರನ್ನೂ ಹದ ಮಾಡಬಹುದಿತ್ತು. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಗ್ರ್ಯಾನ್ ಟುರಿಸ್ಮೊ ಬಂತು. ಆ ಸರಣಿಯ ಆಟಗಾರರಿಗೆಂದೇ ನಡೆಸಿದ ಸ್ಪರ್ಧೆಯಲ್ಲಿ 2011ರಲ್ಲಿ ಗೆದ್ದ ಯಾನ್ ಮಾರ್ಡನ್‌ಬರೋ ಎಂಬ ಹುಡುಗ ನಿಜವಾದ ಪಂದ್ಯದ ಕಾರಿನಲ್ಲೇ ಕುಳಿತ. ಅದು 2023ರಲ್ಲಿ ಸಿನಿಮಾ ಕೂಡ ಆಯಿತು. ನಮ್ಮ ಹುಡುಗನದು 2019ರಲ್ಲಿ ಇಟಲಿಯ ಕುನೋಸ್ ಸಂಸ್ಥೆ ಹೊರತಂದ ಅಸೆಟ್ಟೊ ಕೊರ್ಸಾ ಕಾಂಪಿಟಿಜಿಯೋನೆ ಎಂಬ ಆಟ. ಹೆಸರು ಹೇಳಲು ನನಗೆ ಒಂದು ವಾರ ಬೇಕಾಯಿತು.

ಮೊದಲು ಹೊರಗಿನ ಗಾಳಿಯ ಸಂಗತಿ ಕೇಳಿ. ಪಂದ್ಯದ ಕಾರಿನ ಹಿಂದೆ ಹಲಗೆಯಂತೆ ಒಂದು ರೆಕ್ಕೆ ಇರುವುದನ್ನು ನೀವು ಚಿತ್ರದಲ್ಲಾದರೂ ನೋಡಿರುತ್ತೀರಿ. ಅದು ವಿಮಾನದ ರೆಕ್ಕೆಯನ್ನು ಮಗುಚಿ ಇಟ್ಟಂತೆ. ವಿಮಾನದ್ದು ಮೇಲಕ್ಕೆ ಎತ್ತುತ್ತದೆ, ಇದು ಕೆಳಕ್ಕೆ ಒತ್ತುತ್ತದೆ. ಒತ್ತಿದಷ್ಟೂ ತಿರುವಿನಲ್ಲಿ ಗಾಲಿ ನೆಲ ಬಿಡುವುದಿಲ್ಲ. ಆದರೆ ಎದುರುಗಾಳಿಗೆ ಕೊಡೆ ಹಿಡಿದು ನಡೆದಂತೆ ನೆಟ್ಟನೆಯ ದಾರಿಯಲ್ಲಿ ಅದೇ ರೆಕ್ಕೆ ಕಾರನ್ನು ಹಿಂದಕ್ಕೆ ಜಗ್ಗುತ್ತದೆ. ದೆಹಲಿಯ ಹತ್ತಿರ ಗ್ರೇಟರ್ ನೋಯ್ಡಾದಲ್ಲಿ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಎಂಬ ಓಟದ ದಾರಿ ಇದೆ, ಒಂದು ಸುತ್ತು 5.125 ಕಿಲೋಮೀಟರು. ಅಲ್ಲಿ 2011, 2012, 2013ರಲ್ಲಿ ಫಾರ್ಮುಲಾ ಒನ್ ನಡೆಯಿತು. ಮೂರು ಸಲವೂ ಗೆದ್ದವರು ಜರ್ಮನಿಯ ಸೆಬಾಸ್ಟಿಯನ್ ವೆಟಲ್. ನಮ್ಮ ನರೇನ್ ಕಾರ್ತಿಕೇಯನ್ ಅವರೂ ಅಲ್ಲಿ ಓಡಿಸಿದರು. ಆ ದಾರಿಯ ಒಂದು ಭಾಗ ಬಹಳ ಉದ್ದದ ನೆಟ್ಟನೆಯ ಓಟ. ಉಳಿದ ಭಾಗದಲ್ಲಿ ಒಂದರ ಬೆನ್ನಿಗೆ ಒಂದು ತಿರುವು. ರೆಕ್ಕೆ ಇಳಿಸಿದರೆ ಮೊದಲನೆಯದರಲ್ಲಿ ಲಾಭ, ಎರಡನೆಯದರಲ್ಲಿ ನಷ್ಟ. ಹುಡುಗ ಹಳೆಯ ಫಾರ್ಮುಲಾ ಒನ್ ಆಟವೊಂದರಲ್ಲಿ ಆ ದಾರಿಯನ್ನು ಓಡಿಸಿ ತೋರಿಸಿದ. ರೆಕ್ಕೆ ಒಂದು ಅಂಕಿ ಏರಿಸಿದ, ಓಡಿಸಿದ, ಬರೆದುಕೊಂಡ. ಮತ್ತೊಂದು ಅಂಕಿ, ಮತ್ತೊಂದು ಓಟ. ಮೂವತ್ತೆರಡು ವರ್ಷ ವಿಜ್ಞಾನ ಕಲಿಸಿದವನು ನಾನು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಬೇಕು ಎಂದು ಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಯಾವ ಹುಡುಗನೂ ನಿದ್ದೆಗೆಟ್ಟು ಅದನ್ನು ಮಾಡಿದ್ದನ್ನು ಅದುವರೆಗೆ ಕಂಡಿರಲಿಲ್ಲ.

ಇನ್ನೊಂದು ಸಂಗತಿ ನಿಮಗೆ ಬೇಗ ತಿಳಿಯುತ್ತದೆ, ಏಕೆಂದರೆ ನಾವು ಬಂಡಿ ಹೂಡಿದವರು. ಬಂಡಿಗೆ ಹತ್ತಿ ಹೇರುವಾಗ ಹಿಂದೆ ಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂದೆ ಭಾರವಾದರೆ ಹೆಗಲು ಬಾವು ಬರುತ್ತದೆ. ನಾವು ನೊಗ ಎಂದರೂ ತೆಲುಗಿನವರು ಕಾಡಿ ಎಂದರೂ ಎತ್ತಿಗೆ ನೋವು ಒಂದೇ. ಕಾರಿನಲ್ಲೂ ಹಾಗೆಯೇ ಮುಂದು ಹಿಂದಿನ ಜಗಳವಿದೆ. ಒಂದು ಕಾರು ಸ್ಟಿಯರಿಂಗ್ ತಿರುಗಿಸಿದರೂ ಮೂತಿ ತಿರುಗಿಸದೆ ನೆಟ್ಟಗೆ ಹೊಲಕ್ಕೆ ನುಗ್ಗುತ್ತದೆ. ಇನ್ನೊಂದು ಬೇಡವೆಂದರೂ ಬಾಲ ಬೀಸಿ ಹಿಂದುಮುಂದಾಗುತ್ತದೆ. ಎಡಬಲದ ಗಾಲಿಗಳನ್ನು ಕೂಡಿಸುವ ಒಂದು ಸರಳು ಇದೆ. ಹಿಂದಿನ ಸರಳನ್ನು ಸಡಿಲಿಸಿದರೆ ಬಾಲ ಬೀಸುವುದು ಕಡಿಮೆಯಾಗುತ್ತದೆ, ಮುಂದಿನದನ್ನು ಸಡಿಲಿಸಿದರೆ ಮೂತಿ ಮಾತು ಕೇಳುತ್ತದೆ. ಹುಡುಗ ಮೊದಲು ಯೂರೋಪಿನ ಯಾರೋ ಗೆದ್ದವನ ಅಂಕಿಗಳನ್ನೇ ಇದ್ದಂತೆ ಇಳಿಸಿಕೊಂಡಿದ್ದನಂತೆ. ಎರಡನೆಯ ತಿರುವಿನಲ್ಲೇ ಕಾರು ಬುಗುರಿಯಂತೆ ಸುತ್ತಿತು. “ಅವನ ಕೈ ಬೇರೆ, ನನ್ನ ಕೈ ಬೇರೆ” ಎಂದು ನಕ್ಕ.

ಇನ್ನು ಒಳಗಿನ ಗಾಳಿ.

ಆ ಆಟದಲ್ಲಿ ಪರದೆಯ ಮೂಲೆಯಲ್ಲಿ ನಾಲ್ಕು ಟೈರಿನ ಗಾಳಿಯೂ ಕಾಣುತ್ತದೆ. ಓಡಿದಂತೆ ಟೈರು ಕಾಯುತ್ತದೆ, ಕಾದಂತೆ ಒಳಗಿನ ಒತ್ತಡ ಏರುತ್ತದೆ. ಸಾಮಾನ್ಯ ಕಾರಿನ ಲೆಕ್ಕದಲ್ಲಿ ಐದಾರು ಡಿಗ್ರಿ ಬಿಸಿಗೆ ಸುಮಾರು ಒಂದು ಪಾಯಿಂಟು. ಒಣ ದಾರಿಯಲ್ಲಿ, ಕಾದ ಮೇಲೆ 26ರಿಂದ 27 ಪಾಯಿಂಟು ಬಂದು ನಿಲ್ಲಬೇಕು ಎಂಬುದು ಆ ಪಂದ್ಯದ ಕಾರುಗಳಿಗೆ ಅವನ ಗುರಿ. ಅದಕ್ಕಾಗಿ ತಣ್ಣಗಿರುವಾಗ ಎಷ್ಟು ಹಾಕಬೇಕೆಂದು ಹಿಂದಿನಿಂದ ಲೆಕ್ಕ ಮಾಡುತ್ತಾನೆ. ಆಟದೊಳಗಿನ ಹವೆ ಬಿಸಿಯಾದ ದಿನ ತಣ್ಣಗಿನ ಅಂಕಿಯನ್ನು ತುಸು ಇಳಿಸುತ್ತಾನೆ, ಒಂದು ಪಾಯಿಂಟಿನ ಹತ್ತನೇ ಒಂದು ಭಾಗದಂತೆ.

ಇದನ್ನು ನೋಡಿ ನನಗೆ ಖುಷಿಯಾಯಿತು. “ನೋಡಿದೆಯಾ, ಬೇಸಿಗೆಯಲ್ಲಿ ಗಾಳಿ ಬಿಡಬೇಕು ಅಂತ ನಾನು ಮೊದಲಿನಿಂದಲೂ ಹೇಳುತ್ತಿರಲಿಲ್ಲವೇ?” ಎಂದುಬಿಟ್ಟೆ.

ನೀವೂ ಇದನ್ನು ಕೇಳಿರಬಹುದು, ಮಾಡಿರಲೂಬಹುದು. ಬಿಸಿಲಿಗೆ ಟೈರು ಉಬ್ಬಿ ಒಡೆಯುತ್ತದೆ, ಆದ್ದರಿಂದ ದಾರಿಯಲ್ಲಿ ನಿಲ್ಲಿಸಿ ತುಸು ಗಾಳಿ ಬಿಡಬೇಕು ಎಂಬ ನಂಬಿಕೆ ನಮ್ಮ ಕಡೆ ಬಹಳ. 1998ರ ಮೇ ತಿಂಗಳಲ್ಲಿ ಸಿರುಗುಪ್ಪದಿಂದ ಆದೋನಿಗೆ ಮದುವೆ ಮುಗಿಸಿ ಬರುತ್ತಿದ್ದೆವು. ನಮ್ಮದೇ ಹಳೆಯ ಜೀಪು. ಒಳಗೆ ಹನ್ನೊಂದು ಜನ, ಮೇಲೆ ಪಾತ್ರೆ ಸಾಮಾನು. ಚಹಾ ಕುಡಿಯಲು ನಿಂತಾಗ ಗಾಲಿ ಮುಟ್ಟಿ ನೋಡಿದೆ, ಸುಡುತ್ತಿತ್ತು. ಅಣ್ಣ ಬೇಡವೆಂದ. ನಾನು ಓದಿದವನು, ಬಿಸಿಗೆ ಗಾಳಿ ಹಿಗ್ಗುತ್ತದೆ ಎಂದು ಅವನಿಗೆ ಪಾಠ ಹೇಳಿ, ಕಡ್ಡಿಯಿಂದ ವಾಲ್ವು ಒತ್ತಿ ನಾಲ್ಕೂ ಗಾಲಿಯಿಂದ ಬುಸ್ಸೆಂದು ಗಾಳಿ ಬಿಟ್ಟೆ. ಅರ್ಧ ತಾಸಿನೊಳಗೆ ಹಿಂದಿನ ಗಾಲಿ ಸಿಡಿಯಿತು. ಜೀಪು ಮಗುಚಿತು. ದೇವರ ದಯೆಯಿಂದ ಯಾರೂ ಸಾಯಲಿಲ್ಲ. ಅಣ್ಣನ ಬಲ ಮೊಣಕಾಲು ಮಾತ್ರ ಮೊದಲಿನಂತೆ ಮಡಚಲೇ ಇಲ್ಲ. ಇನ್ನಷ್ಟು ಗಾಳಿ ಬಿಡಬೇಕಿತ್ತು ಎಂದೇ ನಾನು ಅಷ್ಟು ವರ್ಷವೂ ತಿಳಿದಿದ್ದೆ.

ಹುಡುಗ ಆಟ ನಿಲ್ಲಿಸಿ ನನ್ನ ಕಡೆ ತಿರುಗಿದ. “ಚಿಕ್ಕಪ್ಪಾ, ನಾನು ತಣ್ಣಗಿದ್ದಾಗ ಅಳತಿ ನೋಡಿ, ಲೆಕ್ಕ ಹಾಕಿ ಇಳಿಸ್ತೀನಿ. ರಸ್ತೆ ಗಾಡಿಗೆ ಆ ಲೆಕ್ಕ ಕಂಪನಿಯವರೇ ಮಾಡಿರ್ತಾರ. ಅವರು ಬರೆದ ಅಂಕಿ ತಣ್ಣಗಿದ್ದಾಗಿನದು, ಕಾದ್ರ ಏರೋದು ಅದರಾಗ ಸೇರಿರ್ತದ. ಬಿಸಿ ಗಾಲಿಯಿಂದ ಬಿಟ್ರ ಗಾಳಿ ಕಡಿಮಿ ಆಗ್ತದ. ಕಡಿಮಿ ಆದ್ರ ಟೈರಿನ ಪಕ್ಕ ಸುತ್ತು ಸುತ್ತಿಗೂ ಮಡಚ್ತದ, ಮಡಚಿದಂಗೆಲ್ಲ ಇನ್ನಷ್ಟು ಕಾಯ್ತದ.” ಹಾಗೆಂದು ಒಂದು ತಂತಿ ತುಂಡು ತೆಗೆದುಕೊಂಡು ಒಂದೇ ಕಡೆ ಹತ್ತಾರು ಸಲ ಬಗ್ಗಿಸಿ ನನ್ನ ಕೈಗೆ ಕೊಟ್ಟ. ಬಿಸಿಯಾಗಿತ್ತು. ಮತ್ತೆರಡು ಸಲ ಬಗ್ಗಿಸಿದ್ದರೆ ಮುರಿಯುತ್ತಿತ್ತು.

ಅವನಿಗೆ ಆ ಜೀಪಿನ ಕತೆ ಗೊತ್ತಿರಲಿಲ್ಲ, ಅವನು ಆಗಿನ್ನೂ ಹುಟ್ಟಿರಲಿಲ್ಲ. ನಾನು ಬುದ್ಧಿ ಹೇಳಲು ಬಂದವನು ಸುಮ್ಮನೆ ಎದ್ದು ಮನೆಗೆ ಹೋದೆ.

ನೀವು ಟ್ರ್ಯಾಕ್ಟರ್ ಇಟ್ಟವರು, ಆಟೋ ಓಡಿಸುವವರು ಇದನ್ನಷ್ಟು ಮನಸ್ಸಿಗೆ ತಂದುಕೊಳ್ಳಿ. ಗಾಳಿ ಅಳೆಯುವುದು ಬೆಳಿಗ್ಗೆ, ಗಾಡಿ ಹೊರಡುವ ಮೊದಲು. ಎಷ್ಟಿರಬೇಕೆಂಬುದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ, ಕಾರಾದರೆ ಹೆಚ್ಚಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲೂ ಇರುತ್ತದೆ. ತುಂಬಿದ ಭಾರಕ್ಕೆ ಬೇರೆ ಅಂಕಿ ಇದ್ದರೆ ಅದನ್ನೇ ಹಾಕಿಸಿ. ಓಡಿ ಕಾದ ಗಾಲಿಯಿಂದ ಗಾಳಿ ಬಿಡಬೇಡಿ. ಟೈರು ಹಳತಾಗಿ ಬಿರುಕು ಬಿಟ್ಟಿದ್ದರೆ ಯಾವ ಅಂಕಿಯೂ ಅದನ್ನು ಕಾಯುವುದಿಲ್ಲ. ಆಟದಲ್ಲಿ ಕಾರು ಮಗುಚಿದರೆ ಒಂದು ಗುಂಡಿ ಒತ್ತಿದರೆ ಸಾಕು, ಹೊಸ ಕಾರು ನಿಲ್ಲುತ್ತದೆ. ಆ ಗುಂಡಿ ನಮ್ಮ ಸಿರುಗುಪ್ಪ ರಸ್ತೆಯಲ್ಲಿ ಇಲ್ಲ ಎಂಬುದನ್ನು ಹುಡುಗನಿಗೂ ನಾನು ಹೇಳಿದ್ದೇನೆ. ಬೈಕು ಹತ್ತಿದಾಗ ಅವನ ಕೈಗೆ ಆ ಆಟದ ಚಪಲ ಬರುತ್ತದೆಂದು ನನಗೆ ಇನ್ನೂ ಅನುಮಾನ.

ಅಣ್ಣನಿಗೆ ಹೇಳಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಹತ್ತಿ ಬಿಡಿಸುವ ಕಾಲ, ಟ್ರ್ಯಾಲಿ ಹೇರಿ ಮರುದಿನ ಆದೋನಿ ಮಾರ್ಕೆಟ್ಟಿಗೆ ಕಳಿಸುವುದಿತ್ತು. ಕಟ್ಟೆಯ ಮೇಲೆ ಕುಳಿತಿದ್ದಾಗ, “ಅಣ್ಣಾ, ಆ ದಿನ ಜೀಪು ಮಗುಚಿದ್ದು ನಾನು ಗಾಳಿ ಬಿಟ್ಟಿದ್ದಕ್ಕೆ” ಎಂದೆ. ಅವನು ಬಹಳ ಹೊತ್ತು ಕಾಲು ನೀವಿಕೊಳ್ಳುತ್ತ ಕುಳಿತ. ಬೈಯಲಿಲ್ಲ. “ಯಾರು ಹೇಳಿದ್ರು?” ಎಂದು ಕೇಳಿದ. ನಿನ್ನ ಮಗ ಎಂದೆ.

ಮರುದಿನ ನಸುಕಿನಲ್ಲಿ ನಾನು ಹೋದಾಗ ಅಪ್ಪ ಮಗ ಇಬ್ಬರೂ ಟ್ರ್ಯಾಲಿಯ ಹತ್ತಿರ ಕುಳಿತಿದ್ದರು. ಹುಡುಗ ಗೇಜು ಹಿಡಿದು ಅಂಕಿ ಹೇಳುತ್ತಿದ್ದ, ಅಣ್ಣ ಬ್ಯಾಟರಿ ಬೆಳಕಿನಲ್ಲಿ ಅದೇ ಇನ್ನೂರು ಪುಟದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಎಡಗಡೆಯ ಹಿಂದಿನ ಗಾಲಿಯಲ್ಲಿ ಉಳಿದ ಮೂರಕ್ಕಿಂತ 11 ಪಾಯಿಂಟು ಕಡಿಮೆ ಇತ್ತು.