ಒಗ್ಗರಣೆ ಡಬ್ಬಿಯ ಸಾಸಿವೆ, ಹಿತ್ತಲಿನ ಸೊಪ್ಪು

ಇವತ್ತು ನೇರವಾಗಿ ಹಿತ್ತಲಿಗೆ ಹೋಗೋಣ.

ಪಾಕ್ ಚೋಯ್, ತಾತ್ಸೋಯ್, ಮಿಜುನಾ ಅನ್ನೋ ಚೀನಾ, ಜಪಾನ್ ಕಡೆಯ ಸೊಪ್ಪುಗಳ ವಿಡಿಯೋ ನೋಡಿರ್ತೀರಿ. ಹಿಮ ಬಿದ್ರೂ ತಡ್ಕೊಳ್ಳೋ ಸೊಪ್ಪುಗಳು ಇವು. ಅದನ್ನ ನೋಡಿ ಮೂಡಿಗೆರೆ, ಕಳಸದ ಕಡೆಯ ಗೆಳೆಯರು ನನ್ನನ್ನ ಕೇಳ್ತಾರೆ: "ನಮ್ಮೂರೂ ತಂಪಲ್ವಾ, ಜೂನ್‌ನಲ್ಲೇ ಹಾಕಬಹುದಾ?"

ಬೇಡ. ಈ ಸೊಪ್ಪಿಗೆ ಚಳಿಯ ಭಯ ಇಲ್ಲ, ನಮ್ಮ ಮಳೆಯ ಭಯ ಇದೆ. ಮೂಡಿಗೆರೆ ಕಡೆ ವರ್ಷಕ್ಕೆ 2,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಿತ್ತಿದ ಬೀಜ ಕೊಚ್ಚಿ ಹೋಗುತ್ತೆ, ಬೇರು ಕೊಳೆಯುತ್ತೆ, ಉಳಿದದ್ದು ಬಸವನಹುಳುವಿನ ಪಾಲು. ಆ ತಿಂಗಳುಗಳಿಗೆ ಕೆಸು, ಕಳಲೆ, ಚಗಟೆ ಸೊಪ್ಪು ಇದ್ದೇ ಇವೆ.

ನಮಗೆ ಸೊಪ್ಪು ಬೇಕಾಗೋದು ಮಳೆ ನಿಂತ ಮೇಲೆ. ನವೆಂಬರ್‌ಗೆ ಅರೇಬಿಕಾ ಕುಯ್ಲು, ಜನವರಿಗೆ ರೊಬಸ್ಟಾ. ಮನೆಮಂದಿಯೆಲ್ಲ ತೋಟದಲ್ಲಿ. ಸಂತೆಯಿಂದ ತಂದ ಸೊಪ್ಪು ಎರಡೇ ದಿನಕ್ಕೆ ಬಾಡಿರುತ್ತೆ. ಅಕ್ಟೋಬರ್ ಕೊನೆಗೆ ಬಿತ್ತಿದ್ರೆ ಇದೇ ಕಾಲಕ್ಕೆ ಸೊಪ್ಪು ಕೈಗೆ ಬರುತ್ತೆ.

ಇದನ್ನ ಚೆನ್ನಾಗಿ ಬಲ್ಲವರು ನಮ್ಮ ಪಕ್ಕದಲ್ಲೇ ಇದ್ದಾರೆ. ಕೆಲವು ವರ್ಷಗಳಿಂದ ಕುಯ್ಲಿಗೆ ಅಸ್ಸಾಂನಿಂದ ಜನ ಬರ್ತಿದ್ದಾರಲ್ಲ, ಅವರ ಊರಿನ ಚಳಿಗಾಲದ ಊಟದಲ್ಲಿ ಸಾಸಿವೆ ಸೊಪ್ಪು ಇರಲೇಬೇಕು. ಅವರು ಅದನ್ನ 'ಲಾಯ್' ಅಂತಾರೆ. ನಮ್ಮ ಪಕ್ಕದ ತೋಟದ ಲೈನ್ ಮನೆಯ ಅಕ್ಕ ಒಬ್ಬರು ನಲ್ಲಿ ಹತ್ತಿರ ಎರಡು ಮಾರು ಜಾಗದಲ್ಲಿ ಇದನ್ನ ಬೆಳೀತಾರೆ. ಅಂಗೈ ಅಗಲದ ಎಲೆ. ನಾವು ಮಾತ್ರ ಸಾಸಿವೆ ಅಂದ್ರೆ ಒಗ್ಗರಣೆ ಅಂತಷ್ಟೇ ಅಂದ್ಕೊಂಡಿದ್ದೀವಿ!

ಹಾಗಾಗಿ ದುಬಾರಿ ಬೀಜದ ಪ್ಯಾಕೆಟ್ ಆಮೇಲೆ ತನ್ನಿ. ಮೊದಲು ಒಗ್ಗರಣೆ ಡಬ್ಬಿಯ ಒಂದು ಚಮಚ ಸಾಸಿವೆಯಿಂದ ಶುರು ಮಾಡಿ. ಎಲೆಗೆಂದೇ ಬೆಳೆಸಿದ ತಳಿಯಷ್ಟು ಅಗಲ ಬರಲ್ಲ, ಆದ್ರೆ ಕೈ ಪಳಗುತ್ತೆ.

ಮಣ್ಣಿನ ವಿಷಯ. ಮಳೆಗೆ ಸುಣ್ಣದ ಅಂಶ ತೊಳೆದು ಹೋಗಿ ನಮ್ಮ ಮಣ್ಣು ಹುಳಿಯಾಗಿರುತ್ತೆ. ಕಾಫಿ ತೋಟಕ್ಕೆ ಸುಣ್ಣ ಹಾಕೋದು ಅದಕ್ಕೇ. ಎಲೆಕೋಸಿನ ಜಾತಿಯ ಈ ಸೊಪ್ಪುಗಳಿಗೂ ಹುಳಿ ಮಣ್ಣು ಆಗಲ್ಲ, ಬೇರು ಗಂಟುಕಟ್ಟೋ ರೋಗ ಬರಬಹುದು. ಬಿತ್ತೋಕೆ ಎರಡು ಮೂರು ವಾರ ಮೊದಲೇ ಕೃಷಿ ಸುಣ್ಣ ಅಥವಾ ಒಲೆ ಬೂದಿ ಸ್ವಲ್ಪ ಬೆರೆಸಿ. ಆಮೇಲೆ ಕೊಟ್ಟಿಗೆ ಗೊಬ್ಬರ. ಕಾಫಿ ಸಿಪ್ಪೆ ಹಾಕೋದಾದ್ರೆ ಪೂರ್ತಿ ಕೊಳೆತಿರಬೇಕು, ಹಸಿಯದು ಬೇಡ.

ಮಡಿ ಒಂದು ಗೇಣು ಎತ್ತರ ಇರಲಿ. ಸಿಲ್ವರ್ ಓಕ್ ನೆರಳಲ್ಲಿ ಗಿಡ ಸೊರಗುತ್ತೆ, ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳೋ ಜಾಗ ಹುಡುಕಿ. ಬೀಜ ಅರ್ಧ ಸೆಂಟಿಮೀಟರ್ ಆಳಕ್ಕೆ ಸಾಕು, ವಾರದೊಳಗೆ ಮೊಳಕೆ. ಗಿಡದಿಂದ ಗಿಡಕ್ಕೆ 15ರಿಂದ 20 ಸೆಂಟಿಮೀಟರ್ ಬಿಟ್ಟು ಉಳಿದದ್ದನ್ನ ಕಿತ್ತು ಪಲ್ಯಕ್ಕೆ ಹಾಕಿ. ಇಬ್ಬನಿಯ ಕಾಲ, ಸಂಜೆ ಎಲೆ ಮೇಲೆ ನೀರು ಹಾಕಿದ್ರೆ ರೋಗ. ಬೆಳಿಗ್ಗೆ, ಬುಡಕ್ಕೆ ಹಾಕಿ. ಹುಳ ತಡೆಯೋಕೆ ಹಳೇ ಸೊಳ್ಳೆ ಪರದೆ ಸಾಕು.

30ರಿಂದ 40 ದಿನಕ್ಕೆ ಹೊರಗಿನ ಎಲೆ ಮುರೀಬಹುದು. ಸುಳಿ ಬಿಟ್ರೆ ಮತ್ತೆ ಚಿಗುರುತ್ತೆ. ಪಾಕ್ ಚೋಯ್‌ಗೆ ಇನ್ನೊಂದು ವಾರ, ಹತ್ತು ದಿನ ಕೊಡಿ. ಹೂಮಳೆ ಹೊತ್ತಿಗೆ ಬಿಸಿಲೇರಿ, ಹಗಲು ಉದ್ದವಾಗಿ ಇವೂ ಹೂ ಬಿಡ್ತವೆ, ಎಲೆ ಖಾರವಾಗುತ್ತೆ. ಎಳೇ ಹೂದಂಟನ್ನೂ ತಿನ್ನಬಹುದು. ಒಂದೆರಡು ಗಿಡ ಬೀಜಕ್ಕೆ ಬಿಡಿ.

ಅಡುಗೆ ಸುಲಭ. ದಂಟು ಮೊದಲು, ಎಲೆ ಕೊನೇ ಒಂದು ನಿಮಿಷ. ಬೆಳ್ಳುಳ್ಳಿ, ಹಸಿಮೆಣಸು, ಮೇಲೆ ತೆಂಗಿನಕಾಯಿ ತುರಿ. ಅಕ್ಕಿ ರೊಟ್ಟಿ ಜೊತೆ ತಿಂದು ನೋಡಿ.

ಕೊನೇ ಮಾತು, ತೋಟ ಇರೋ ಮನೆಯ ಹುಡುಗ ಹುಡುಗಿಯರಿಗೆ. ಈ ಅಕ್ಟೋಬರ್‌ನಲ್ಲಿ ಲೈನ್ ಮನೆ ಪಕ್ಕ ಎರಡು ಮಡಿ ಜಾಗ, ಒಂದು ನಲ್ಲಿ ಬಿಡಿಸಿಕೊಡಿ ಅಂತ ಅಪ್ಪನ ಹತ್ರ ಕೇಳಿ. ದಿನವಿಡೀ ಕಾಫಿ ಕುಯ್ಯೋರ ತಟ್ಟೆಗೂ ಹಸಿರು ಸಿಗುತ್ತೆ. ಅವರ ಹತ್ರ ಒಂದು ಹಿಡಿ ಲಾಯ್ ಬೀಜ ಕೇಳಿ, ಖಂಡಿತ ಕೊಡ್ತಾರೆ.