ಗೋಪುರದ ಮೇಲಿನ ಕೂಗು

ಕೋಟೆಯೆಂದರೆ ಕಲ್ಲು, ಗಾರೆ, ಕಂದಕ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಇವುಗಳ ಸಾಲಿಗೆ ಸೇರಬೇಕಾದುದು ಇನ್ನೊಂದುಂಟು: ಎಚ್ಚರವಾಗಿರುವ ಮನುಷ್ಯನ ಕಂಠ. ದಕ್ಷಿಣ ಜರ್ಮನಿಯ ಬವೇರಿಯ ಪ್ರಾಂತದಲ್ಲಿ ನೊರ್ಡ್ಲಿಂಗೆನ್ ಎಂಬ ಪಟ್ಟಣವಿದೆ. ಅಲ್ಲಿ ಆ ಕಂಠವನ್ನು ಇಂದಿಗೂ ಕೇಳಬಹುದು. ರಾತ್ರಿ ಹತ್ತರಿಂದ ಹನ್ನೆರಡರವರೆಗೆ, ಅರ್ಧ ಗಂಟೆಗೊಮ್ಮೆ, ಊರ ನಡುವಣ ಗೋಪುರದಿಂದ ಕಾವಲುಗಾರನು “ಸೋ, ಗ್ಸೆಲ್, ಸೋ” ಎಂದು ಕೂಗುತ್ತಾನೆ. “ಸರಿ, ಗೆಳೆಯಾ, ಸರಿ” ಎಂದು ಅದನ್ನು ನಾವು ಹೇಳಿಕೊಳ್ಳಬಹುದು.

ಆ ಊರಿಗೆ ಇಷ್ಟೊಂದು ಕಾವಲು ಏಕೆ ಬೇಕಾಯಿತು? 1215ರಲ್ಲಿ ಅದು ಚಕ್ರವರ್ತಿಯೊಬ್ಬನಿಗಲ್ಲದೆ ಬೇರೆ ಯಾವ ಪಾಳೆಯಗಾರನಿಗೂ ತಲೆಬಾಗಬೇಕಿಲ್ಲದ ಸ್ವತಂತ್ರ ನಗರವಾಯಿತು. 1219ರಷ್ಟು ಹಿಂದೆಯೇ ಅಲ್ಲಿನ ದೊಡ್ಡ ಜಾತ್ರೆಯ ಉಲ್ಲೇಖ ದೊರೆಯುತ್ತದೆ. ಸ್ವಾತಂತ್ರ್ಯವೂ ಹಣವೂ ಒಂದೇ ಕಡೆ ಸೇರಿದರೆ ನೆರೆಯವರ ಕಣ್ಣು ಬೀಳುವುದು ಸಹಜವಷ್ಟೆ. ಊರು ಬೆಳೆದು ಹಳೆಯ ಗೋಡೆಯ ಆಚೆಗೂ ಮನೆಗಳೆದ್ದವು. 1327ರಲ್ಲಿ ಬವೇರಿಯದ ಲೂಡ್ವಿಗ್ ದೊರೆಯು ಆ ಹೊರಗೇರಿಗಳನ್ನೂ ಒಳಗೊಳ್ಳುವಂತೆ ಹೊಸ ಗೋಡೆಯೊಂದನ್ನು ಕಟ್ಟಬೇಕೆಂದು ಅಪ್ಪಣೆ ಮಾಡಿದನು.

ಹೀಗೆ ಎದ್ದ ಗೋಡೆ ಬಹುಮಟ್ಟಿಗೆ ದುಂಡಗಿದೆ. ಅದರ ಸುತ್ತಳತೆ ಸುಮಾರು 2.7 ಕಿಲೋಮೀಟರು. ಹೆಬ್ಬಾಗಿಲುಗಳು ಐದು, ನಡುನಡುವೆ ಬುರುಜುಗಳು, ಗೋಡೆಯ ಒಳಮೈಗೆ ಹೊಂದಿಕೊಂಡು ಚಾವಣಿ ಹೊದಿಸಿದ ನಡೆದಾರಿ. ಮಳೆಯಿರಲಿ, ಹಿಮವಿರಲಿ, ಕಾವಲುಗಾರನು ನೆನೆಯದೆ ಒಂದು ಬಾಗಿಲಿನಿಂದ ಮತ್ತೊಂದಕ್ಕೆ ಹೋಗಬಹುದಾಗಿತ್ತು. ನೀವು ಈಗ ಹೋದರೂ ಆ ದಾರಿಯಲ್ಲಿ ನಡೆದು ಊರನ್ನು ಪೂರ್ತಿ ಸುತ್ತಿ ಬರಬಹುದು.

ಊರ ನಡುವೆ ಸಂತ ಜಾರ್ಜನ ಇಗರ್ಜಿಯಿದೆ. 1427ರಲ್ಲಿ ಪ್ರಾರಂಭವಾದ ಅದರ ಕಟ್ಟಡ 1505ರಲ್ಲಿ ಮುಗಿಯಿತು. ಅದರ ಗೋಪುರವನ್ನು ಜನರು ಸಲಿಗೆಯಿಂದ ‘ಡ್ಯಾನಿಯೆಲ್’ ಎಂದು ಕರೆಯುತ್ತಾರೆ. ಎತ್ತರ ಸುಮಾರು 90 ಮೀಟರು, ಮೆಟ್ಟಿಲು 350. ಪಟ್ಟಣವಿರುವುದು ಸುಮಾರು 25 ಕಿಲೋಮೀಟರು ಅಗಲದ ತಟ್ಟೆಯಂಥ ಬಯಲಿನಲ್ಲಿ. ಒಂದೂವರೆ ಕೋಟಿ ವರ್ಷಗಳಷ್ಟು ಹಿಂದೆ ಆಕಾಶದಿಂದ ಬಿದ್ದ ಬಂಡೆಯೊಂದು ಈ ಬಯಲನ್ನು ತೋಡಿತೆಂದು 1960ರ ಸುಮಾರಿಗೆ ವಿಜ್ಞಾನಿಗಳಾದ ಶೂಮೇಕರ್ ಮತ್ತು ಚಾವೋ ತೋರಿಸಿಕೊಟ್ಟರು. ಆ ಹೊಡೆತದಿಂದ ಹುಟ್ಟಿದ ಕಲ್ಲಿನಿಂದಲೇ ಗೋಪುರವನ್ನು ಕಟ್ಟಿದ್ದಾರೆ. ಬಯಲು ಸಮತಟ್ಟಾದುದರಿಂದ ದೂರದಲ್ಲೇಳುವ ಧೂಳು ಗೋಪುರದ ಮೇಲಿನವನ ಕಣ್ಣಿಗೆ ಮೊದಲು ಬೀಳುತ್ತಿತ್ತು. ಅವನು ಹೊರಗಣ ಶತ್ರುವನ್ನಷ್ಟೇ ಅಲ್ಲ, ಒಳಗಣ ಬೆಂಕಿಯನ್ನೂ ಕಾಯಬೇಕಾಗಿತ್ತು. ಮರದ ಮನೆಗಳು ಒತ್ತೊತ್ತಾಗಿದ್ದ ಊರಿಗೆ ಒಂದು ಕಿಡಿಯೂ ಒಂದು ದಂಡಿಗೆ ಸಮ.

ಇನ್ನು ಆ ಕೂಗಿನ ಕತೆ. 1440ರಲ್ಲಿ ನೆರೆಯ ಓಟಿಂಗೆನ್ನಿನ ಪ್ರಭುವು ಬಾಗಿಲು ಕಾಯುವವರಿಗೆ ಲಂಚ ಕೊಟ್ಟು ರಾತ್ರಿ ಬಾಗಿಲನ್ನು ಭದ್ರಪಡಿಸದಂತೆ ಮಾಡಿದನಂತೆ. ಒಂದು ಹೆಣ್ಣು ಹಂದಿ ಬಂದು ಬಾಗಿಲಿಗೆ ಮೈ ಉಜ್ಜಿತು, ಬಾಗಿಲು ಅಲುಗಿತು, ದಾರಿಯಲ್ಲಿ ಬರುತ್ತಿದ್ದ ಹೆಂಗಸೊಬ್ಬಳು ಅದನ್ನು ಕಂಡು ಈ ಮಾತನ್ನು ಆಡಿ ಊರನ್ನೆಬ್ಬಿಸಿದಳಂತೆ. ಕತೆ ಸೊಗಸಾಗಿದೆ. ಆದರೆ ಗೋಪುರದವನು ಬಾಗಿಲ ಕಾವಲಿನವರನ್ನು “ಎಚ್ಚರವಾಗಿದ್ದೀರಾ?” ಎಂದು ಪರೀಕ್ಷಿಸುತ್ತಿದ್ದ ಕೂಗು ಅದು ಎನ್ನುವುದೇ ಹೆಚ್ಚು ಸಮಂಜಸವಾಗಿ ತೋರುತ್ತದೆ. ಎರಡರಲ್ಲಿಯೂ ತಿರುಳು ಒಂದೇ. ಎಷ್ಟು ದಪ್ಪ ಗೋಡೆಯಾದರೂ ಅಗುಳಿ ಹಾಕುವ ಕೈ ನೆಟ್ಟಗಿರದಿದ್ದರೆ ಅದು ಬರಿಯ ಕಲ್ಲಿನ ರಾಶಿ.

ಕೈ ನೆಟ್ಟಗಿದ್ದರೂ ಗೋಡೆಗೊಂದು ಮಿತಿಯುಂಟು. ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ, 1634ರ ಆಗಸ್ಟಿನಲ್ಲಿ, ಚಕ್ರವರ್ತಿಯ ಸೈನ್ಯ ನೊರ್ಡ್ಲಿಂಗೆನ್ನಿಗೆ ಮುತ್ತಿಗೆ ಹಾಕಿತು. ಪಟ್ಟಣ ಪ್ರಾಟೆಸ್ಟಂಟರದು, ಸ್ವೀಡನ್ನಿನವರ ಪಕ್ಷ. ಸುತ್ತಣ ಹಳ್ಳಿಗರೂ ಒಳಗೆ ಬಂದು ಆಶ್ರಯ ಪಡೆದಿದ್ದರು. ಕಾಳು ಕಡಿಮೆಯಾಯಿತು, ರೋಗ ಹಬ್ಬಿತು. ಆದರೂ ನಂಟರು ಬರುವರೆಂಬ ನಂಬಿಕೆಯಿಂದ ಜನರು ಬಾಗಿಲು ತೆರೆಯಲಿಲ್ಲ. ನಂಟರು ಬಂದರು. ಸೆಪ್ಟೆಂಬರ್ 6ರಂದು ಊರ ದಕ್ಷಿಣದ ಗುಡ್ಡಗಳಲ್ಲಿ ಯುದ್ಧ ನಡೆಯಿತು. ಚಕ್ರವರ್ತಿಯ ಪಡೆಗೆ ಸ್ಪೇನಿನವರೂ ಬಂದು ಸೇರಿದ್ದರು. ಸ್ವೀಡನ್ನಿನ ದಳಪತಿ ಹಾರ್ನ್ ಸೆರೆಯಾದನು. ಜೊತೆಗಾರನಾದ ವೈಮರಿನ ಬರ್ನ್‌ಹಾರ್ಡ್ ಓಡಿಹೋದನು. ಯುದ್ಧದ ಬೆನ್ನಿಗೇ ಪಟ್ಟಣ ಶರಣಾಯಿತು.

ಗೋಡೆ ಅನ್ನ ಕೊಡುವುದಿಲ್ಲ, ಗೋಪುರ ಗೆಲ್ಲಿಸುವುದಿಲ್ಲ. ಗೋಡೆ ಕೊಡುವುದು ಸ್ವಲ್ಪ ಕಾಲಾವಕಾಶ. ಗೋಪುರ ಕೊಡುವುದು ಸ್ವಲ್ಪ ಮುನ್ಸೂಚನೆ. ಆ ಅವಕಾಶದಲ್ಲಿ ನೆರವು ಬಂದರೆ ಊರು ಉಳಿದೀತು, ಇಲ್ಲವಾದರೆ ಇಲ್ಲ. ಇಷ್ಟನ್ನು ಅರಿತೂ ಅಲ್ಲಿಯ ಜನ ಗೋಡೆಯನ್ನು ಕೆಡವಲಿಲ್ಲ, ಕೂಗನ್ನೂ ಮರೆಯಲಿಲ್ಲ. ಇಂದು ಅಲ್ಲಿ ಶತ್ರುವಿನ ಭಯವಿಲ್ಲ; ಗೋಡೆಯ ಮೇಲೆ ಮಕ್ಕಳೂ ಪ್ರವಾಸಿಗಳೂ ಓಡಾಡುತ್ತಾರೆ. ಆ ಕೂಗನ್ನು ಮತ್ತೊಮ್ಮೆ ಗಮನಿಸಿ. ಅದು “ನಾನು ಕಾಯುತ್ತೇನೆ, ನೀವು ಮಲಗಿ” ಎನ್ನುವುದಿಲ್ಲ. “ಗೆಳೆಯಾ” ಎಂದು ಇನ್ನೊಬ್ಬನನ್ನು ಕರೆಯುತ್ತದೆ. ಊರನ್ನು ಕಾಯುವುದು ಒಬ್ಬನಿಂದಾಗುವ ಕೆಲಸವಲ್ಲ ಎಂಬುದನ್ನು ಅದನ್ನು ಮೊದಲು ಕೂಗಿದವನು ಬಲ್ಲವನಾಗಿದ್ದನು.